ಮೊರೆಲ್ ಒಳಗಿನ ಬಾಡಿಗೆದಾರರು

ಒಂದು ಹಿಡಿ ಮೊರೆಲ್ ಅಣಬೆಗೋಸ್ಕರ ಇವತ್ತು ಅರ್ಧ ಗಂಟೆ ಸಿಂಕ್ ಮುಂದೆ ನಿಂತಿದ್ದೆ.

ಕಾಡಲ್ಲಿ ಆಯ್ಕೊಂಡು ಬಂದಿದ್ದು. ಹೊರಗಡೆ ಜೇನುಗೂಡಿನ ಥರ, ಒಂದೊಂದು ಗುಳಿಯಲ್ಲೂ ಮಣ್ಣು. ಉದ್ದಕ್ಕೆ ಸೀಳಿದ್ರೆ ಬುಡದಿಂದ ತುದಿವರೆಗೂ ಪೂರ್ತಿ ಟೊಳ್ಳು, ಆ ಟೊಳ್ಳಲ್ಲಿ ಒಂದು ಇರುವೆ, ಒಂದು ಪುಟಾಣಿ ಬಸವನಹುಳು, ಆರಾಮಾಗಿ ಸಂಸಾರ ಹೂಡಿದ್ವು. ಮನೆ ಮುರಿದ ಪಾಪ ನಂಗೆ.

ಇದ್ರಲ್ಲಿ ಟೊಳ್ಳಿರೋದೇ ಒಳ್ಳೇದು. ಒಳಗೆ ಹತ್ತಿ ತುಂಬಿದಂಗೋ ಗೋಡೆ ಗೋಡೆಯಾಗೋ ಇದ್ರೆ ಅದು ನಕಲಿ ಮೊರೆಲ್, ವಿಷ. ಹಾಗಂತ ಟೊಳ್ಳು ಒಂದನ್ನೇ ನೋಡಿ ಧೈರ್ಯ ಮಾಡ್ಬೇಡಿ, ಗೊತ್ತಿರೋರಿಗೆ ತೋರಿಸಿ. ಅಸಲಿಯನ್ನೂ ಹಸಿ ತಿನ್ನಂಗಿಲ್ಲ, ಚೆನ್ನಾಗಿ ಬೇಯ್ಲೇಬೇಕು.

ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ಅಲ್ಲಾಡಿಸಿ, ಬಟ್ಟೆ ಮೇಲೆ ಒತ್ತಿ ಒರೆಸಿ ಬೆಣ್ಣೆಗೆ ಹಾಕ್ದೆ, ಮೊದ್ಲು ನೀರು ಬಿಟ್ಕೊಂಡು ಗೊಜ್ಜಿನ ಥರ ಆಯ್ತು, ಕೆಟ್ಟೋಯ್ತು ಅನ್ಕೊಂಡೆ, ಆಮೇಲೆ ನೀರೆಲ್ಲ ಇಂಗಿ ಅಂಚು ಕಂದು ಆಗ್ತಾ ಬಂದಾಗ ಬಂತು ನೋಡಿ ಪರಿಮಳ, ಮಳೆ ನಿಂತ್ಮೇಲಿನ ಮಣ್ಣಿಗೆ ಹುರಿದ ಬೀಜ ಸೇರ್ಸಿದಂಗೆ. ಬೆಳ್ಳುಳ್ಳಿ ಸುಲಿದು ಇಟ್ಟಿದ್ದೆ. ಹಾಕ್ಲಿಲ್ಲ.

ಅಷ್ಟು ತೊಳೆದ್ರೂ ಒಂದು ತುತ್ತಲ್ಲಿ ಮರಳು ಸಿಕ್ತು, ಕರ್ರ್ ಅಂತ. ಬೇರೆ ದಿನ ಆಗಿದ್ರೆ ತಟ್ಟೆ ದೂಡ್ತಿದ್ದೆ. ಇವತ್ತು ಯಾಕೋ ಆ ಮರದ ಬುಡ, ಮಂಡಿಯೂರಿ ಎಲೆ ಸರಿಸಿದ್ದು ನೆನಪಾಗಿ ನಗು ಬಂತು. ಪ್ಯಾಕೆಟ್ ಅಣಬೆಗೆ ಇಂಥ ಅಡ್ರೆಸ್ ಎಲ್ಲಿರುತ್ತೆ.

ಇರುವೆನ ಕಿಟಕಿಯಿಂದ ಹೊರಗೆ ಬಿಟ್ಟಿದೀನಿ. ಬಸವನಹುಳು ಇನ್ನೂ ಸಿಂಕ್ ಅಂಚಲ್ಲೇ ಇದೆ, ಅವಸರ ಇಲ್ಲ ಅದಕ್ಕೆ.