ಲ್ಯಾಮಿನೇಟ್ ಮಾಡಿಸಿದ ಹಾಳೆ

ಹೋದ ವರ್ಷ ಏಪ್ರಿಲ್ 2ರ ಆಟಿಸಂ ದಿನದ ಬೆನ್ನಿಗೇ ಆಟಿಸಂ ಇರುವವರಿಗೆ ತರಬೇತಿ ಕೊಡುವ ನಮ್ಮ ಸೆಂಟರಿಗೆ ಸಾಹೇಬರ ವಿಸಿಟ್ ಬಿತ್ತು. ವಿಜಯಪುರದ ಬಿಸಿಲು ಗೊತ್ತಿದ್ದದ್ದೇ, ಹತ್ತು ಗಂಟೆಗೆಲ್ಲ ಮೇಲಿನ ತಗಡು ಕಾದು ಟಣ್ ಟಣ್ ಅನ್ನುತ್ತದೆ. ಮ್ಯಾನೇಜ್‌ಮೆಂಟಿಗೆ ಬಿಸಿಲಿನ ಚಿಂತೆಯಿಲ್ಲ, ಬ್ಯಾನರಿನ ಚಿಂತೆ. ಮೂರು ದಿನ ಮೊದಲು ವಾಟ್ಸಾಪಿನಲ್ಲಿ ಹುಕುಂ ಬಂತು: ವಯಸ್ಕರ ಬ್ಯಾಚಿನ ಅಷ್ಟೂ ಮಂದಿಯ ‘ನನ್ನ ಬಗ್ಗೆ’ ಹಾಳೆ ರೆಡಿ ಇರಬೇಕು. ಕಲರ್ ಪ್ರಿಂಟು, ಲ್ಯಾಮಿನೇಶನ್ನು, ಜಿಯೋಟ್ಯಾಗ್ ಫೋಟೊ.

ಆ ಹಾಳೆ ಅಂದರೆ ಎರಡು ತಿಂಗಳ ಕೆಲಸ. ತನಗೇನು ಬರುತ್ತದೆ, ಯಾವುದು ತಡೆಯುವುದಿಲ್ಲ, ತಲೆ ಕೆಟ್ಟಾಗ ಪಕ್ಕದವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನೆಲ್ಲ ಅವರವರೇ ಕಂಡುಕೊಂಡು ಬರೆಯಬೇಕು, ಇಲ್ಲ ಚಿತ್ರ ಅಂಟಿಸಬೇಕು. ನಾವಿನ್ನೂ ಎರಡನೇ ಸೆಷನ್ನಿನಲ್ಲಿದ್ದೆವು. ಹಿಂಗಾಗಿ ಒಂದು ರಾತ್ರಿ ಕೂತು ಹನ್ನೊಂದೂ ಹಾಳೆ ನಾನೇ ಬರೆದೆ. ಫೈಲಿತ್ತು, ಆಟಿಸಂ ಎಷ್ಟಿದೆ ಅಂತ ಅಳೆಯುವ ಐಎಸ್‌ಎಎ ಶೀಟಿತ್ತು, ತಾಯಂದಿರು ತುಂಬಿಕೊಟ್ಟ ಫಾರ್ಮಿತ್ತು, ನನ್ನ ಹದಿನಾಲ್ಕು ವರ್ಷದ ಸರ್ವಿಸಿತ್ತು. ಇನ್ನೇನು ಬೇಕು ಅನಿಸಿತ್ತು.

ಐಎಸ್‌ಎಎದಲ್ಲಿ 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಮೊದಲನೆಯದೇ ಕಣ್ಣಲ್ಲಿ ಕಣ್ಣಿಟ್ಟು ನೋಡುವುದರ ಲೆಕ್ಕ. ಒಟ್ಟು 70 ಮುಟ್ಟಿದರೆ ಆಟಿಸಂ ಲೆಕ್ಕಕ್ಕೆ ಬಂತು. ಅಂಗವಿಕಲತೆಯ ಸರ್ಟಿಫಿಕೇಟಿಗೆ ಅದು ಬೇಕೇ ಬೇಕು, ಅದನ್ನು ಬೈಯಲಾರೆ. ಆದರೆ ಅದರಲ್ಲಿ ಇರುವುದು ಮನೆಯವರು ಹೇಳಿದ್ದು ಮತ್ತು ನಮ್ಮಂಥವರು ನೋಡಿದ್ದು. ಅದನ್ನೇ ತೆಗೆದು ‘ನಾನು’ ಅಂತ ಶುರು ಮಾಡಿ ಬರೆದರೆ ಆತ್ಮಕಥೆ ಆಗುತ್ತದೆ ಅಂತ ತಿಳಿದದ್ದು ನನ್ನ ಜಾಣತನ.

ಆ ಹನ್ನೊಂದು ಮಂದಿಯಲ್ಲಿ ಒಬ್ಬರು ಸಂಗಮೇಶ (ಹೆಸರು ಬದಲಿಸಿದ್ದೇನೆ). ವಯಸ್ಸು 31. ಆವತ್ತಿನವರೆಗೆ ನಾನೂ ಎಲ್ಲರಂತೆ ‘ಆ ಹುಡುಗ’ ಅನ್ನುತ್ತಿದ್ದೆ. ಮೆಡಿಕಲ್ ಅಂಗಡಿಗಳಿಗೆ ಔಷಧಿ ಕವರ್ ಮಾಡುವ ಯೂನಿಟ್ಟಿನಲ್ಲಿ ಅವರದು ಎಣಿಕೆ. ಹೆಬ್ಬೆರಳಿನಿಂದ ಸರಸರ ಅಂತ ನೂರು ಎಣಿಸಿ ಕಟ್ಟು ಕಟ್ಟಿದರೆ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅವರು ಶಾಲೆಗೆ ಹೋಗುತ್ತಿದ್ದಾಗ ಇದ್ದದ್ದು 1995ರ ಕಾಯ್ದೆ, ಅದರಲ್ಲಿ ಏಳು ವಿಧದ ಅಂಗವಿಕಲತೆ, ಆಟಿಸಂ ಇರಲಿಲ್ಲ. ಅದಕ್ಕೇ ಅವರ ಹಳೆಯ ಸರ್ಟಿಫಿಕೇಟಿನಲ್ಲಿ ಬುದ್ಧಿಮಾಂದ್ಯ ಅಂತ ಬರೆದಿತ್ತು. 2016ರ ಕಾಯ್ದೆಯಲ್ಲಿ ಏಳು ಹೋಗಿ 21 ಆದವು, ಆಟಿಸಂ ಸೇರಿತು. ಆಮೇಲೆ ಎಷ್ಟೋ ವರ್ಷಕ್ಕೆ ಅವರಿಗೆ ಯುಡಿಐಡಿ, ಅಂದರೆ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಕಾರ್ಡು ಬಂತು. ಕಾರ್ಡು ಕೈಗೆ ಕೊಟ್ಟ ದಿನ ಕೇಳಿದ್ದರು: “ಅಕ್ಕಾರ, ಹಂಗಾದ್ರ ನಾ ಮೊದ್ಲೂ ದಡ್ಡ ಇದ್ದಿಲ್ಲೇನ್ರಿ?” ಆಗ ನಾನು ಎಂಪಿಆರ್, ಅಂದರೆ ತಿಂಗಳ ಪ್ರಗತಿ ವರದಿ ಕಳಿಸುವ ಗಡಿಬಿಡಿಯಲ್ಲಿದ್ದೆ. “ಅದೆಲ್ಲಾ ಈಗ ಯಾಕ್ರಿ, ಹೊಸಾ ಕಾರ್ಡ್ ಬಂತಲ್ಲ” ಅಂದು ಮುಗಿಸಿದ್ದೆ.

ವಿಸಿಟ್ ದಿನ ಹಾಲಿನಲ್ಲಿ ಸಾಹೇಬರು, ಅವರ ಕಡೆಯ ಇಬ್ಬರು, ನಮ್ಮ ಕೋಆರ್ಡಿನೇಟರ್, ಫೋಟೊದವರು. ಚಹಾ ಬಂತು. ಸಂಗಮೇಶರ ಕೈಗೆ ಮೈಕು, ಹಾಳೆ ಕೊಟ್ಟೆ. ಫೋಟೊದವನು ಟಕ್ ಟಕ್ ಅಂತ ನಾಲ್ಕು ಹೊಡೆದ.

ಸಂಗಮೇಶ ಬಾಯಿ ಬಿಡಲಿಲ್ಲ.

ಬೆರಳು ಮೊದಲ ಸಾಲಿನ ಮೇಲೆ. ಕಣ್ಣು ಒಮ್ಮೆ ಹಾಳೆಗೆ, ಒಮ್ಮೆ ಮೇಲಕ್ಕೆ. ಮೇಲೆ ಫ್ಯಾನು ಟಿಕ್, ಟಿಕ್ ಅನ್ನುತ್ತಿತ್ತು. ನನಗದು ಆವತ್ತಿನವರೆಗೆ ಕೇಳಿಸಿಯೇ ಇರಲಿಲ್ಲ ಅಂದರೆ ನಂಬಿರಿ. “ನನ್ನ ಹೆಸರು...” ಅಂತ ಮೆಲ್ಲಗೆ ಎತ್ತಿಕೊಟ್ಟೆ. ಎರಡನೇ ಸಾಲಿಗೆ ಇಳಿದಿದ್ದ ಬೆರಳು ಮತ್ತೆ ಮೇಲೆ ಹೋಯಿತು. ಸ್ವಲ್ಪ ತಡೆದು, “ಓದ್ರಿ, ಹೆದರಬ್ಯಾಡ್ರಿ” ಅಂದೆ. ಬೆರಳು ಮೂರನೇ ಸಾಲಿನಿಂದ ಮತ್ತೆ ಮೊದಲಿಗೆ. ಹಿಂದಿನಿಂದ ಕೋಆರ್ಡಿನೇಟರ್ ಕೈಸನ್ನೆ ಮಾಡುತ್ತಿದ್ದರು. ನಾನು ಮೂರನೇ ಸಲ ಎತ್ತಿಕೊಟ್ಟೆ. ಪ್ರಾಂಪ್ಟ್ ಫೇಡಿಂಗ್, ಅಂದರೆ ಎತ್ತಿಕೊಡುವುದನ್ನು ಮೆಲ್ಲಗೆ ಕಡಿಮೆ ಮಾಡುತ್ತ ಹೋಗುವುದರ ಬಗ್ಗೆ ಹೊಸಬರಿಗೆ ಟ್ರೇನಿಂಗ್ ಕೊಡುವವಳು ನಾನೇ. ನಾನು ಬಾಯಿ ಹಾಕಿದಾಗೆಲ್ಲ ಅವರು ಪಾಪ ಮೊದಲಿನಿಂದ ಶುರು ಮಾಡುತ್ತಿದ್ದಾರೆ ಅಂತ ಎದುರಿಗೇ ಬೆರಳು ಹೇಳುತ್ತಿದ್ದರೂ ನನಗೆ ಓದಲು ಬರಲಿಲ್ಲ.

“ಪಾಪ, ಹೆದರ್ಯಾನ. ಇರ್ಲಿ ಬಿಡ್ರಿ” ಅಂದರು ಸಾಹೇಬರು. ಸಾಕು ಅಂತ ನಾನು ಹಾಳೆಗೆ ಕೈ ಹಾಕಿದೆ. ಸಂಗಮೇಶ ಬಿಡಲಿಲ್ಲ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಆಗ ಮೈಕಿನಲ್ಲಿ ಕೇಳಿಸಿತು:

“ಇದು ತಪ್ಪೈತ್ರಿ.”

ನನ್ನ ಕಿವಿ ಬಿಸಿಯಾಯಿತು.

“ಎರಡನೇ ಸಾಲು ತಪ್ಪೈತಿ. ಸಪ್ಪಳ ಆಗಂಗಿಲ್ಲ ಅಂತ ಬರದಾರ. ಮಿಕ್ಸರ್ ಆಗತೈತಿ. ಡೊಳ್ಳು ಆಗತೈತಿ. ಗೋಳಗುಮ್ಮಟ ಭಾಳ ಸೇರತೈತಿ. ಈ ಫ್ಯಾನ್ ಆಗಂಗಿಲ್ಲ. ಸುತ್ತಿಗೊಮ್ಮೆ ಟಿಕ್ ಅಂತೈತಿ, ಒಮ್ಮೊಮ್ಮೆ ಅನ್ನಂಗಿಲ್ಲ. ಯಾವಾಗ ಅನ್ನಂಗಿಲ್ಲೋ ಗೊತ್ತಾಗಂಗಿಲ್ಲ.” ಬೆರಳು ಕೆಳಗಿಳಿಯಿತು. “ಐದನೇ ಸಾಲು. ಮಂದಿ ಜೋಡಿ ಬೆರಿಯೂದು ಸೇರತೈತಿ ಅಂತ ಐತಿ. ಸೇರಂಗಿಲ್ಲ. ಕವರ್ ಎಣಸುವಾಗ ಬಾಜೂಕ ಒಬ್ರು ಸುಮ್ಮ ಕುಂತ್ರ ಸೇರತೈತಿ.”

ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು. ಏನಾದರೂ ಕೇಳಬೇಕಲ್ಲ ಅಂತ, “ಗೋಳಗುಮ್ಮಟದಾಗ ಒಂದು ಚಪ್ಪಾಳಿ ಏಳು ಸಲ ಕೇಳತೈತಂತ, ಹೌದೇನ್ ತಮ್ಮಾ?” ಅಂದರು. ತಮ್ಮ ಅನ್ನಿಸಿಕೊಂಡವರು ಸಾಹೇಬರಿಗಿಂತ ಎರಡು ವರ್ಷವಾದರೂ ದೊಡ್ಡವರಿದ್ದಾರು.

“ಎಣಸಾಕ ಆಗಿಲ್ರಿ. ಮಂದಿ ಭಾಳ ಒದರ್ತಾರ. ನೀವು ಎಣಸೀರೇನ್ರಿ?”

ಇಲ್ಲ ಅಂತ ಸಾಹೇಬರು ತಲೆಯಾಡಿಸಿದರು. ಮೈಕು ನನ್ನ ಕೈಗೆ ಬಂತು.

ಗೋಳಗುಮ್ಮಟದ ಮಾತು ಬಂದಾಗ ನನಗೆ ಹಿಂದಿನ ಡಿಸೆಂಬರಿನ ಟ್ರಿಪ್ ನೆನಪಾಯಿತು. ಮೇಲಿನ ಪಿಸುಮಾತಿನ ಗ್ಯಾಲರಿಗೆ ಹತ್ತುವ ಮೊದಲು ಸಂಗಮೇಶರ ಕಿವಿಗೆ ನಾನೇ ಇಯರ್‌ಮಫ್ ಹಾಕಿದ್ದೆ. ಅವರು ತೆಗೆದಿದ್ದರು. ಮತ್ತೆ ಹಾಕಿದ್ದೆ. ಮತ್ತೆ ತೆಗೆದಾಗ, “ತ್ರಾಸ ಆಗತೈತ್ರಿ ನಿಮಗ” ಅಂತ ಮತ್ತೆ ಹಾಕಿದ್ದೆ. 1656ರಲ್ಲಿ ಕಟ್ಟಿ ಮುಗಿಸಿದ ಅಷ್ಟು ದೊಡ್ಡ ಗುಮ್ಮಟದೊಳಗೆ ಹಾಕಿದ ಸಪ್ಪಳ ತಪ್ಪದೆ ಮರಳಿ ಬರುವುದೇ ಅವರಿಗೆ ಹಿಡಿಸಿತ್ತು. ಅದನ್ನು ಕೇಳಗೊಡದಂತೆ ನಾನು ಕಿವಿ ಮುಚ್ಚಿ ಕೂಡಿಸಿದ್ದೆ. ಆ ಸಂಜೆ ಡೈರಿಯಲ್ಲಿ ‘ಸೆನ್ಸರಿ ಸಪೋರ್ಟ್ ನೀಡಲಾಯಿತು’ ಅಂತ ಬರೆದದ್ದೂ ಇದೆ.

ಸಾಹೇಬರು ಹೋದ ಮೇಲೆ ಕೋಆರ್ಡಿನೇಟರ್ ಕೇಳಿದ್ದು ಒಂದೇ: “ರಿಹರ್ಸಲ್ ಮಾಡ್ಸಿದ್ದಿಲ್ಲೇನ್ರಿ?” ರಿಪೋರ್ಟಿನಲ್ಲಿ ‘ಫಲಾನುಭವಿಗಳು ಆತ್ಮವಿಶ್ವಾಸದಿಂದ ಮಾತನಾಡಿದರು’ ಅಂತ ಬಂತು. ಜೊತೆಗೆ ಅವರು ಬಾಯಿ ಬಿಡುವ ಮೊದಲು ಹೊಡೆದ ಫೋಟೊ. ಸಾಲೇನೋ ನಿಜ. ಆದರೆ ನನ್ನ ಸೆಷನ್ನಿನ ಚೆಕ್‌ಲಿಸ್ಟಿಗೆ ಹಾಕಿದ್ದರೆ ಸಂಗಮೇಶರಿಗೆ ಹತ್ತಕ್ಕೆ ಎರಡೂ ಬರುತ್ತಿರಲಿಲ್ಲ: ಕಣ್ಣು ಫ್ಯಾನಿನ ಮೇಲೆ, ದನಿ ಒಂದೇ ಮಟ್ಟದಲ್ಲಿ, ನಗು ಇಲ್ಲ. ತುಂಬಿದ ಸಭೆಯಲ್ಲಿ ಅಕ್ಕಾರ ಬರೆದದ್ದು ತಪ್ಪು ಅನ್ನುವುದಕ್ಕೆ ಅದರಲ್ಲಿ ಕಾಲಮ್ಮೇ ಇಲ್ಲ. ಆಟಿಸಂ ಇರುವವರಿಗೆ ನಾವು ತಿಳಿಯದಿರುವಷ್ಟೇ ಅವರೂ ನಮಗೆ ತಿಳಿಯುವುದಿಲ್ಲ, ತೊಡಕು ಎರಡೂ ಕಡೆಯದು ಎಂದು 2012ರಲ್ಲಿ ಬರೆದವರು ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವವರು. ಸಿಆರ್‌ಇ ಪಾಯಿಂಟಿಗಾಗಿ (ನಮ್ಮ ನೋಂದಣಿ ನವೀಕರಣಕ್ಕೆ ಬೇಕಾದದ್ದು) ಕೂತ ಟ್ರೇನಿಂಗಿನಲ್ಲಿ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಇಳಿದದ್ದು ನೋಟ್‌ಬುಕ್ಕಿಗೆ ಮಾತ್ರ.

ಈಗ ಹಾಳೆ ಪೆನ್ಸಿಲ್ಲಿನಲ್ಲಿ. ಲ್ಯಾಮಿನೇಶನ್ ಬಂದ್. ಪ್ರಶ್ನೆ ಕೇಳಿದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಗೋಡೆ ಗಡಿಯಾರ ನೋಡುತ್ತೇನೆ, ಒಬ್ಬರಿಗೆ ನಾಲ್ಕು ನಿಮಿಷ ಹಿಡಿಯುತ್ತದೆ, ಒಬ್ಬರು ಮರುದಿನ ಬಂದು ಹೇಳುತ್ತಾರೆ. ಮೇ ತಿಂಗಳಲ್ಲಿ ಸಂಗಮೇಶರ ಬಾಜೂಕ ಕವರ್ ಎಣಿಸುತ್ತ ಸುಮ್ಮನೆ ಕೂತಿದ್ದಾಗ ನಾನೇ ಹಳೆಯ ಮಾತು ತೆಗೆದೆ. “ಆವತ್ತು ನೀವು ಕೇಳಿದ್ರಲ್ರಿ. ಇಲ್ಲ, ಮೊದ್ಲೂ ಇದ್ದಿಲ್ಲ ನೀವು ದಡ್ಡ.” ಅವರು ಕೈಯಲ್ಲಿದ್ದ ನೂರು ಮುಗಿಸಿ, ರಬ್ಬರ್ ಹಾಕಿ, “ಹಾಳಿಮ್ಯಾಗ ಬರೀತೇನ್ರಿ” ಅಂದರು. ಬರೆದರು. ಮೊದಲ ಸಾಲೇ ಅದು.

ಫ್ಯಾನಿನ ಬೇರಿಂಗಿಗೆ ಏಪ್ರಿಲ್‌ನಲ್ಲೇ ಇಂಡೆಂಟ್, ಅಂದರೆ ಬೇಡಿಕೆ ಚೀಟಿ ಹಾಕಿದ್ದೆ. ಕಲರ್ ಪ್ರಿಂಟಿಗೆ ಇದ್ದ ದುಡ್ಡು ಬೇರಿಂಗಿಗೆ ಇಲ್ಲ, ಮುಂದಿನ ಮೀಟಿಂಗಿಗೆ ನೋಡೋಣ ಅಂದರು. ಅಲ್ಲಿತನಕ ಸಂಗಮೇಶ ಕೂತಾಗ ಫ್ಯಾನ್ ಬಂದ್ ಮಾಡಿ ಎಲ್ಲರೂ ಬೆವರುತ್ತ ಕೂತೆವು. ಜೂನ್ ಮೊದಲ ವಾರ ಆಫೀಸಿನಿಂದ ಅಕೌಂಟೆಂಟರ ಫೋನ್ ಬಂತು. “ಅಕ್ಕಾರ, ನಿಮ್ಮ ಸಂಗಮೇಶ ಇಂಡೆಂಟಿನ ಕಾಪಿ ಹಿಡಕೊಂಡು ತಾಸಾತು ಬಂದು ನಿಂತಾರ. ಏನೂ ಮಾತಾಡವಲ್ರು, ಹೋಗಂತೂ ಹೋಗವಲ್ರು. ಏನ್ ಮಾಡ್ಲಿ?”

ಬೇರಿಂಗ್ ತರಸ್ರಿ ಅಂದೆ.