ಒಳ್ಳೆಯ ಮದ್ಯವನ್ನು ಬೆರೆಸಿ ಕೆಡಿಸುವುದೇಕೆ?

ಸಹೋದ್ಯೋಗಿಗಳು ಕೇಳುತ್ತಾರೆ, ಬಾರಿನಲ್ಲಿ ಪಕ್ಕದ ಕುರ್ಚಿಯವರು ಕೇಳುತ್ತಾರೆ. ಎಲ್ಲರಿಗಿಂತ ಮೊದಲು ಕೇಳಿದವರು ನನ್ನ ದೊಡ್ಡಪ್ಪ: “ಅಷ್ಟು ದುಡ್ಡು ಕೊಟ್ಟು ತಂದ ವಿಸ್ಕಿಗೆ ನಿಂಬೆರಸ, ಸಕ್ಕರೆ ಹಾಕಿ ಯಾಕೆ ಕೆಡಿಸುತ್ತೀಯ?”

ಮದ್ಯಕ್ಕೆ ಹುಳಿ, ಸಿಹಿ ಬೆರೆಸಿ ಮಾಡುವ ಕಾಕ್‌ಟೇಲ್ ನನಗಿಷ್ಟ, ನಿಜ. ಆದರೆ ಬೆರೆಸದೆಯೂ ಕುಡಿಯುತ್ತೇನೆ. ಬೆಂಗಳೂರಿನ ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾಗುವ ಅಮೃತ್ ಫ್ಯೂಷನ್ ಎಂದರೆ ನನಗೆ ಪ್ರೀತಿ. ನಮ್ಮ ಬಾರ್ಲಿಯ ಜೊತೆಗೆ ಸ್ಕಾಟ್ಲೆಂಡಿನ ಹೊಗೆಗಂಪಿನ ಬಾರ್ಲಿಯೂ ಸೇರಿದ ವಿಸ್ಕಿ ಅದು. ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಮಾಗಲು ಇಡುವ ಮರದ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗಿ ಹೋದರೆ, ಇಲ್ಲಿನ ಹವೆಗೆ ಶೇ. 10ರಷ್ಟು ಹೋಗುತ್ತದೆ. ಮರದ ಸತ್ವವೂ ಅಷ್ಟೇ ಬೇಗ ಇಳಿಯುವುದರಿಂದ ನಾಲ್ಕೈದು ವರ್ಷಕ್ಕೇ ಮಾಗಿಬಿಡುತ್ತದೆ. ಅದಕ್ಕೆ ನಿಂಬೆ ಹಿಂಡಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅದರಲ್ಲಿ ಶೇ. 50ರಷ್ಟು ಆಲ್ಕೋಹಾಲ್ ಇರುವುದರಿಂದ ಅರ್ಧ ಚಮಚ ನೀರು ಹಾಕುತ್ತೇನೆ. ತಕ್ಷಣ ಹೊಗೆಯ ವಾಸನೆ ಲೋಟದ ಅಂಚಿಗೆ ಬರುತ್ತದೆ. 2017ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಂಪ್ಯೂಟರ್ ಲೆಕ್ಕಾಚಾರದಿಂದ ಇದಕ್ಕೆ ಕಾರಣ ತೋರಿಸಿದರು. ಆಲ್ಕೋಹಾಲ್ ತೀರಾ ಹೆಚ್ಚಿದ್ದಾಗ ಹೊಗೆಗಂಪು ಕೊಡುವ ಗ್ವಾಯಕಾಲ್ ಅಣುಗಳು ಒಳಗೆ ಹುದುಗಿರುತ್ತವೆ, ನೀರು ಸೇರಿದಂತೆ ಮೇಲ್ಮೈಗೆ ಬರುತ್ತವೆ. ಅಂದಮೇಲೆ ಹನಿ ನೀರು ಹಾಕಿಕೊಳ್ಳುವವರೂ ಬೆರೆಸುವವರೇ. ಮುಂದಿನದೆಲ್ಲ ಹದದ ಮಾತು.

ಹದ ಎಂದರೇನೆಂದು ನಾನು ಕಲಿತದ್ದು ದೊಡ್ಡಪ್ಪನ ರಾಮನವಮಿಯ ಪಾನಕದಿಂದ. ಬೆಲ್ಲ ಕರಗಿಸಿ, ಸೋಸಿ, ನಿಂಬೆ ಹಿಂಡಿ, ಶುಂಠಿ, ಮೆಣಸು, ಏಲಕ್ಕಿ ಹಾಕಿ, ಪ್ರತಿ ಸಲವೂ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ರುಚಿ ನೋಡುತ್ತಿದ್ದರು. ಹುಳಿ ಒಂದು ಕೂದಲೆಳೆ ಮುಂದೆ ಬಂದರೆ ಬೆಲ್ಲದ ನೀರು, ಸಿಹಿ ಮುಂದಾದರೆ ಮತ್ತೆ ನಿಂಬೆ. ವಿಸ್ಕಿ ಸೌರ್ ಮಾಡುವುದೂ ಹೀಗೆಯೇ: 60 ಮಿಲಿಲೀಟರ್ ವಿಸ್ಕಿ, 30 ನಿಂಬೆರಸ, ಸುಮಾರು 20 ಸಕ್ಕರೆ ಪಾಕ. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ ಸೇರಿದ ‘ಪಂಚ್’ ಎಂಬ ಹಳೆಯ ಪಾನೀಯದ ಹೆಸರು ನಮ್ಮ ‘ಪಂಚ’ದಿಂದಲೇ ಬಂದಿತೆಂಬ ವಾದವಿದೆ. ಈಸ್ಟ್ ಇಂಡಿಯಾ ಕಂಪನಿಯವನೊಬ್ಬ ಭಾರತದಲ್ಲಿದ್ದಾಗ 1632ರಲ್ಲಿ ಬರೆದ ಪತ್ರದಲ್ಲಿ ಆ ಹೆಸರು ಸಿಗುತ್ತದೆ. 1806ರಲ್ಲಿ ಅಮೆರಿಕದ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೇನೆಂದು ವಿವರಿಸುವಾಗಲೂ ಮದ್ಯ, ಸಕ್ಕರೆ, ನೀರು, ಕಹಿಸತ್ವ ಎಂದೇ ಬರೆಯಿತು. ನೀರನ್ನು ಆಗಲೇ ಒಂದು ಸಾಮಗ್ರಿಯಾಗಿ ಎಣಿಸಿದ್ದರು.

ಈಗ ಆ ನೀರು ಬರುವುದು ಐಸ್‌ನಿಂದ. ಶೇಕರ್‌ನಲ್ಲಿ ಹತ್ತು ಹನ್ನೆರಡು ಸೆಕೆಂಡು ಜೋರಾಗಿ ಕುಲುಕುವಷ್ಟರಲ್ಲಿ ಕಡಿಮೆಯೆಂದರೂ 30 ಮಿಲಿಲೀಟರ್ ನೀರು ಕರಗಿ ಸೇರುತ್ತದೆ, ಅಂದರೆ ಒಂದು ಸಣ್ಣ ಪೆಗ್‌ನಷ್ಟು. ಕಡಿಮೆಯಾದರೆ ಗಂಟಲು ಸುಡುತ್ತದೆ, ಹೆಚ್ಚಾದರೆ ಸಪ್ಪೆ. ನಾನು ಯಾವಾಗಲೂ ಕೌಂಟರ್ ಎದುರಿನ ಕುರ್ಚಿಯನ್ನೇ ಹಿಡಿಯುವುದು ಇದನ್ನು ನೋಡಲಿಕ್ಕೆ. ಕೈಗೆಟುಕುವ ದೂರದಲ್ಲಿ ಬಾರ್‌ಟೆಂಡರ್ ಲೋಹದ ಶೇಕರ್‌ನ ಸದ್ದಿಗೆ ಕಿವಿಗೊಟ್ಟಿರುತ್ತಾರೆ. ಐಸ್ ಕರಗಿದಂತೆ ಸದ್ದು ಮೃದುವಾಗುತ್ತದೆ, ಅಲ್ಲಿಗೆ ಕೈ ನಿಲ್ಲುತ್ತದೆ. ಒಗ್ಗರಣೆಯ ಸಾಸಿವೆ ಸಿಡಿಯುವುದು ನಿಂತದ್ದನ್ನು ಕೇಳಿ ಒಲೆ ಆರಿಸುವವರ ಕೈಯದೇ ಎಚ್ಚರ ಅದು.

ಮದ್ಯ ಕೆಡುವುದು ಬೇರೆ ಕಡೆ. ಬಾಟಲಿಯ ನಿಂಬೆರಸ, ಬೆಳಗ್ಗೆಯಿಂದ ಕರಗುತ್ತಾ ಬಿದ್ದ ಐಸ್, ಎಲ್ಲವನ್ನೂ ಮುಚ್ಚಿಹಾಕುವಷ್ಟು ಕೋಲಾ. ಇದನ್ನು ಕುಡಿದು ಕಾಕ್‌ಟೇಲ್ ಎಂದರೆ ಮೂಗು ಮುರಿಯುವವರ ಮೇಲೆ ನನಗೆ ಸಿಟ್ಟಿಲ್ಲ. ಅಳತೆಯಿಲ್ಲದೆ ಕಣ್ಣಂದಾಜಿನಲ್ಲಿ ಸುರಿಯುವ ಕಡೆ ನಾನೂ ಸೋಡಾ ಹಾಕಿಸಿಕೊಂಡು ಸುಮ್ಮನಿರುತ್ತೇನೆ.

ಬೆಂಗಳೂರಿನಲ್ಲಿ ಈಗ ಆ ಸ್ಥಿತಿ ಬದಲಾಗಿದೆ. ಪುನರ್ಪುಳಿ, ಕರಿಬೇವು, ಕಾಫಿ ಕೌಂಟರ್ ಮೇಲೆ ಬಂದಿವೆ. ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಕತ್ತಾಳೆ. ಹೊಲದ ಬೇಲಿಗೆ, ಹಗ್ಗದ ನಾರಿಗೆ ಬಳಸುತ್ತಿದ್ದ ಅದೇ ಗಿಡದ ದಿಂಡನ್ನು ಬೇಯಿಸಿ, ಹುಳಿಸಿ, ಭಟ್ಟಿ ಇಳಿಸಿದ ಮದ್ಯ ಭಾರತದಲ್ಲೇ ತಯಾರಾಗುತ್ತಿದೆ. ಮೆಕ್ಸಿಕೋದ್ದಲ್ಲವಾದ್ದರಿಂದ ಟಕೀಲಾ ಎಂದು ಕರೆಯುವಂತಿಲ್ಲ, ಆದರೆ ನಿಂಬೆಯ ಜೊತೆ ಅದರ ಹಸಿರು ಖಾರ ಸೊಗಸಾಗಿ ಹೊಂದುತ್ತದೆ.

ಕಳೆದ ವರ್ಷ ದೊಡ್ಡಪ್ಪನನ್ನು ಅಂಥದ್ದೊಂದು ಬಾರಿಗೆ ಕರೆದುಕೊಂಡು ಹೋದೆ. ವಿಸ್ಕಿ ಸೌರ್ ಬಂತು. ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಂಬೆ ಒಂದು ಹನಿ ಮುಂದಾಗಿದೆಯಪ್ಪ” ಎಂದರು. ಬಾರ್‌ಟೆಂಡರ್ ಶೇಕರ್‌ನಲ್ಲಿ ಉಳಿದಿದ್ದುದರ ರುಚಿ ನೋಡಿ, “ಹೌದು ಸರ್, ಇವತ್ತಿನ ಹಣ್ಣು ಹುಳಿ ಜಾಸ್ತಿ” ಎಂದು ಲೋಟ ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಮಾಡಿಕೊಟ್ಟರು. ಅದನ್ನು ದೊಡ್ಡಪ್ಪ ಪೂರ್ತಿ ಕುಡಿದರು.