ಎಷ್ಟು ದಿನ ಮುಂಚೆ ಗೊತ್ತಾದ್ರೆ ನಿಮಗೆ ಅನುಕೂಲ?

ಸಿಡ್ನಿಯ ಪಶ್ಚಿಮಕ್ಕಿರೋ ಪ್ಯಾರಮಟ್ಟದಲ್ಲಿ ಲೈಟ್ ರೈಲ್, ಅಂದ್ರೆ ಬೀದಿಲಿ ಓಡೋ ಟ್ರಾಮ್ ಲೈನು, ಕಟ್ಟುವಾಗ ನಾನು ಪ್ಲೇಸ್ ಮ್ಯಾನೇಜರ್ ಆಗಿದ್ದೆ. ಟ್ರಾಮ್ ಹೋಗೋ ಬೀದಿಲಿರೋ ಅಂಗಡಿ, ಮನೆ, ಆಸ್ಪತ್ರೆ, ಚರ್ಚು ಎಲ್ಲರ ಹತ್ರ ಹೋಗಿ ಮುಂದೆ ಏನು ಕೆಲಸ ಬರ್ತಿದೆ ಅಂತ ಹೇಳೋದು, ಅವರು ಹೇಳಿದ್ದನ್ನ ತಂದು ಎಂಜಿನಿಯರ್‌ಗಳ ಮುಂದೆ ಇಡೋದು, ಕಂಪ್ಲೇಂಟ್ ಬಂದ್ರೆ ನಾನೇ ಹೋಗಿ ನಿಲ್ಲೋದು, ಇದು ಆ ಕೆಲಸ. ವೆಸ್ಟ್‌ಮೀಡ್‌ನಿಂದ ಕಾರ್ಲಿಂಗ್‌ಫರ್ಡ್‌ವರೆಗೆ 12 ಕಿಲೋಮೀಟರ್, 16 ಸ್ಟಾಪು, 2024ರ ಡಿಸೆಂಬರ್ 20ಕ್ಕೆ ಜನ ಹತ್ತಿದ್ರು. ಈ ಕೆಲಸಕ್ಕೆ ಹೊಸದಾಗಿ ಬರೋ ಹುಡುಗ್ರು ಹುಡುಗೀರು ಆಗಾಗ ಕೇಳ್ತಾರೆ, ಜನರ ಹತ್ರ ಮೊದಲು ಏನು ಮಾತಾಡ್ಬೇಕು ಅಂತ. ನಾನು ಒಂದೇ ಪ್ರಶ್ನೆ ಹೇಳ್ಕೊಡ್ತೀನಿ, ಅದೇ ಮೇಲೆ ಹಾಕಿರೋ ಟೈಟಲ್ಲು.

ಯಾಕೆ ಅಂದ್ರೆ, ಕೆಲಸ ಶುರುವಾಗೋ ಹೊತ್ತಿಗೆ ಮುಕ್ಕಾಲು ಪಾಲು ವಿಷಯ ತೀರ್ಮಾನ ಆಗಿಬಿಟ್ಟಿರುತ್ತೆ. ನಮ್ಮ ಲೈನಿಗೆ ಪ್ಲ್ಯಾನಿಂಗ್ ಒಪ್ಪಿಗೆ 2018ರಲ್ಲೇ ಸಿಕ್ಕಿತ್ತು, ಯಾವ ಬೀದಿ, ಎಲ್ಲಿ ಸ್ಟಾಪು ಅನ್ನೋದು ಆಗ್ಲೇ ಮುಗಿದ ಮಾತು. ಆದ್ರೂ ಮೀಟಿಂಗಿಗೆ ಬರೋರು ಬೀದಿನೇ ಬದಲಾಯಿಸಬಹುದೇನೋ ಅನ್ನೋ ಆಸೆ ಇಟ್ಕೊಂಡು ಬರ್ತಾರೆ. ಅವರನ್ನ ಕೂರಿಸಿಕೊಂಡು ನಿಮ್ಮ ಅಭಿಪ್ರಾಯ ನಮಗೆ ಮುಖ್ಯ ಅಂತ ಹೇಳಿ ಅವರ ಕೈಲಿ ಗೋಡೆ ಮೇಲೆ ಅಭಿಪ್ರಾಯದ ಚೀಟಿ ಅಂಟಿಸೋದು ನನಗೆ ಸರಿ ಕಾಣಲ್ಲ, ಅದು ಅವರ ಸಮಯಕ್ಕೆ ಮಾಡೋ ಅವಮಾನ. ಇಷ್ಟು ಬದಲಾಗಲ್ಲ, ಇಷ್ಟು ಇನ್ನೂ ನಿಮ್ಮ ಕೈಲಿದೆ ಅಂತ ಮೊದಲ ಐದು ನಿಮಿಷದಲ್ಲೇ ಹೇಳ್ಬಿಡ್ಬೇಕು. ಸಿಟ್ಟು ಬರುತ್ತೆ, ಬರ್ಲಿ, ಎದ್ದು ಹೋಗೋರು ಹೋಗ್ತಾರೆ, ಆದ್ರೆ ಉಳಿದವರ ಹತ್ರ ನಿಜವಾದ ಮಾತು ಶುರುವಾಗುತ್ತೆ. ಕಟ್ಟೋ ಹಂತದಲ್ಲಿ ಜನರ ಕೈಲಿ ಉಳಿದಿರೋದು ಹೆಚ್ಚಾಗಿ ಸಮಯದ ವಿಷಯ: ಯಾವತ್ತು ಅಗೀತೀರಿ, ಎಷ್ಟು ಹೊತ್ತಿಗೆ ಗಲಾಟೆ, ನಮಗೆ ಯಾವಾಗ ಹೇಳ್ತೀರಿ.

ಇಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕಟ್ಟಡ ಕೆಲಸದ ಶಬ್ದಕ್ಕೆ 2009ರ ಒಂದು ಗೈಡ್‌ಲೈನ್ ಇದೆ. ಸೋಮವಾರದಿಂದ ಶುಕ್ರವಾರ ಬೆಳಗ್ಗೆ 7ರಿಂದ ಸಂಜೆ 6, ಶನಿವಾರ 8ರಿಂದ ಮಧ್ಯಾಹ್ನ 1, ಭಾನುವಾರ ರಜೆ. ಜಾಕ್ ಹ್ಯಾಮರು, ಕಾಂಕ್ರೀಟ್ ಕತ್ತರಿಸೋ ಮೆಷಿನ್ನು ಇಂಥ ಜೋರು ಶಬ್ದದ್ದಾದ್ರೆ ಒಂದೇ ಸಮ 3 ಗಂಟೆ ಮಾಡಿದ್ಮೇಲೆ ಕನಿಷ್ಠ 1 ಗಂಟೆ ಬಿಡುವು ಕೊಡ್ಬೇಕು. ಕೆಲಸಕ್ಕೆ ಒಂದು ವಾರ ಮುಂಚೆ ಪ್ರತಿ ಮನೆ ಅಂಚೆ ಡಬ್ಬಕ್ಕೂ ನೋಟಿಸ್ ಹಾಕ್ತೀವಿ. ಕಾಗದದ ಮೇಲೆ ನೋಡಿದ್ರೆ ಎಲ್ಲಾ ಸರಿಯಾಗಿದೆ ಅನ್ಸುತ್ತೆ.

ವೆಸ್ಟ್‌ಮೀಡ್ ಅಂದ್ರೆ ದೊಡ್ಡಾಸ್ಪತ್ರೆ, ಮಕ್ಕಳ ಆಸ್ಪತ್ರೆ, ರಿಸರ್ಚ್ ಸಂಸ್ಥೆಗಳು ಎಲ್ಲಾ ಒಂದೇ ಕಡೆ ಇರೋ ಏರಿಯಾ. ಸುತ್ತ ಇರೋ ಅಪಾರ್ಟ್‌ಮೆಂಟುಗಳಲ್ಲಿ ನಮ್ಮ ದೇಶದವರೇ ಜಾಸ್ತಿ, ಬೀದಿಲಿ ನಡೆದು ಹೋಗ್ತಾ ತೆಲುಗು, ತಮಿಳು, ಗುಜರಾತಿ, ಕನ್ನಡ ಎಲ್ಲಾ ಕಿವಿಗೆ ಬೀಳುತ್ತೆ. ಒಂದ್ಸಲ ಬಾಗಿಲು ತಟ್ಟಿದಾಗ ತೆಗೆದವರು ಮಂಗಳೂರು ಕಡೆಯ ನರ್ಸು, ನನ್ನ ಬ್ಯಾಡ್ಜಲ್ಲಿ ಹೆಸರು ನೋಡಿ ಕನ್ನಡದಲ್ಲೇ ಮಾತಾಡಿದ್ರು. "ನೀವು ರಾತ್ರಿ ಗಲಾಟೆ ಮಾಡುವುದಿಲ್ಲ ಅಂತ ಎಲ್ಲರಿಗೂ ಖುಷಿ, ಆದರೆ ನನಗೆ ನೈಟ್ ಡ್ಯೂಟಿ, ನನಗೆ ಹಗಲೇ ರಾತ್ರಿ ಅಲ್ವಾ ಮಾರಾಯ್ರೆ. ನಿಮ್ಮ ಕಾಗದ ಬರುವುದು ಒಂದು ವಾರ ಮೊದಲು, ನನ್ನ ಡ್ಯೂಟಿ ರೋಸ್ಟರ್ ಹಾಕುವುದು ಅದಕ್ಕಿಂತ ಎಷ್ಟೋ ಮೊದಲು. ಆಮೇಲೆ ನಾನು ಯಾರ ಹತ್ತಿರ ಬದಲಿ ಕೇಳಲಿ?" ಅಂದ್ರು.

ಇದರಲ್ಲಿ ಎರಡು ವಿಷಯ ಇದೆ. ನಿಯಮ ಕಾಪಾಡ್ತಿರೋದು ರಾತ್ರಿ ಮಲಗೋರನ್ನ ಮಾತ್ರ, ಅದು ಒಂದು. ಇನ್ನೊಂದು, ಒಂದು ವಾರ ಅನ್ನೋದು ನಮ್ಮ ಅನುಕೂಲದ ಅಳತೆ, ಅವರ ಬದುಕಿನ ಅಳತೆನೇ ಬೇರೆ. ಅವರಿಗೆ ಬೇಕಾಗಿದ್ದು ಪರಿಹಾರನೂ ಅಲ್ಲ, ಕಿವಿಗೆ ಹಾಕ್ಕೊಳ್ಳೋ ಪ್ಲಗ್ಗೂ ಅಲ್ಲ, ರೋಸ್ಟರ್ ಹಾಕೋಕೆ ಮುಂಚೆ ಒಂದು ಅಂದಾಜು ಅಷ್ಟೆ. ಅಂದಾಜು ಸಿಕ್ಕಿದ್ರೆ ಆ ವಾರ ಡೇ ಶಿಫ್ಟ್ ಕೇಳ್ಬಹುದು, ಇಲ್ಲಾಂದ್ರೆ ಫ್ರೆಂಡ್ ಮನೆಲಿ ಮಲಗಬಹುದು, ಅವರೇ ದಾರಿ ಹುಡುಕ್ಕೋತಾರೆ.

ಅಲ್ಲಿಂದ ನಮ್ಮ ಟೀಮು ಎಲ್ಲರಿಗೂ ಇದೇ ಪ್ರಶ್ನೆ ಕೇಳೋಕೆ ಶುರು ಮಾಡ್ತು, ಉತ್ತರ ಎಷ್ಟು ಬೇರೆಬೇರೆ ಬರುತ್ತೆ ಅಂದ್ರೆ ಆಶ್ಚರ್ಯ ಆಗುತ್ತೆ. ಎಂಆರ್‌ಐ, ಮೈಕ್ರೋಸ್ಕೋಪ್ ಇರೋ ಕಡೆ ನೆಲ ಸ್ವಲ್ಪ ನಡುಗಿದ್ರೂ ತೊಂದರೆ, ಅವರಿಗೆ ತಿಂಗಳುಗಟ್ಟಲೆ ಮುಂಚೆ ಬೇಕು. ಚರ್ಚ್ ಸ್ಟ್ರೀಟ್ ಅಂತ ಊಟದ ಬೀದಿ ಇದೆ, ಈಟ್ ಸ್ಟ್ರೀಟ್ ಅಂತಾನೇ ಕರೀತಾರೆ, ಫುಟ್‌ಪಾತ್ ಮೇಲೆ ಟೇಬಲ್ ಹಾಕ್ಕೊಂಡು ಸಾಲಾಗಿ ರೆಸ್ಟೋರೆಂಟು. ಅಲ್ಲಿ ನವೆಂಬರ್, ಡಿಸೆಂಬರ್, ಜನವರಿ ಅಂದ್ರೆ ಇಲ್ಲಿನ ಬೇಸಿಗೆ, ಹಬ್ಬದ ವ್ಯಾಪಾರ, ಆ ಸಮಯದಲ್ಲಿ ದೊಡ್ಡ ಕೆಲಸ ಮಾಡಲ್ಲ ಅಂತ ಪ್ರಾಜೆಕ್ಟಲ್ಲೇ ಮೊದಲಿಂದ ಇಟ್ಟಿದ್ರು. ಒಳ್ಳೇ ನಿರ್ಧಾರ, ಅದನ್ನ ಮಾಡಿದವರಿಗೆ ಮೆಚ್ಚುಗೆ ಹೇಳ್ಲೇಬೇಕು. ಆದ್ರೆ ಮಾಲೀಕರ ಜೊತೆ ಕೂತು ಮಾತಾಡಿದ್ರೆ ಮೇ ತಿಂಗಳ ಎರಡನೇ ಭಾನುವಾರ, ಅಂದ್ರೆ ಅಮ್ಮಂದಿರ ದಿನ, ಅದು ಅವರಿಗೆ ಎಷ್ಟು ದೊಡ್ಡ ದಿನ ಅಂತ ಗೊತ್ತಾಗುತ್ತೆ. ಭಾನುವಾರ ಕೆಲಸ ಇಲ್ವಲ್ಲ ಅಂತ ಎಂಜಿನಿಯರ್ ಹೇಳ್ತಾರೆ, ಸರಿ, ಆದ್ರೆ ಶನಿವಾರ ಮಧ್ಯಾಹ್ನ ಬಾಗಿಲ ಮುಂದೆ ಬೇಲಿ ಹಾಕಿ ಹೋದ್ರೆ ಭಾನುವಾರನೂ ಅದು ಅಲ್ಲೇ ನಿಂತಿರುತ್ತೆ, ಧೂಳು ಟೇಬಲ್ ಮೇಲೇ ಇರುತ್ತೆ. ಬುಕಿಂಗ್ ತಗೊಳ್ಳೋದು ವಾರಗಳ ಮುಂಚೆ, ಹಾಗಾಗಿ ಅವರಿಗೆ ಏಪ್ರಿಲ್‌ನಲ್ಲೇ ಮಾತು ಕೊಡ್ಬೇಕು.

ಪೂರ್ತಿ ಉಲ್ಟಾ ಅಂದ್ರೆ ಲೈನ್ ಪಕ್ಕದ ಒಂದು ಚರ್ಚು. ಮದುವೆ ತಿಂಗಳುಗಳ ಮುಂಚೆ ಗೊತ್ತಿರುತ್ತೆ, ಆದ್ರೆ ಸಾವು ಹೇಳಿ ಬರಲ್ಲ. ಅವರು ನಮಗೆ ಹೇಳೋಕೆ ಸಾಧ್ಯ ಇರೋದೇ ಒಂದೆರಡು ದಿನ ಮುಂಚೆ, ಒಂದೊಂದ್ಸಲ ಅದೂ ಇಲ್ಲ. ಅಲ್ಲಿ ಕ್ಯಾಲೆಂಡರ್ ಕೆಲಸಕ್ಕೆ ಬರಲ್ಲ, ಸೈಟ್ ಸೂಪರ್‌ವೈಸರ್ ಮೊಬೈಲ್ ನಂಬರನ್ನ ಚರ್ಚ್ ಆಫೀಸಿಗೇ ಕೊಟ್ಟು, ಫೋನ್ ಬಂದ್ರೆ ಪೂಜೆ ಮುಗಿಯೋವರೆಗೆ ಮೆಷಿನ್ ಆಫ್ ಅಂತ ಒಪ್ಪಂದ ಮಾಡ್ಕೊಂಡ್ವಿ. ಯಾರ ಅನುಮತಿನೂ ಕೇಳ್ಬೇಕಾಗಿಲ್ಲ, ಸೂಪರ್‌ವೈಸರೇ ನಿಲ್ಲಿಸ್ಬಹುದು. ಈ ಅಧಿಕಾರವನ್ನ ಸೈಟಲ್ಲಿರೋ ಮನುಷ್ಯನ ಕೈಗೆ ಕೊಡ್ಸೋಕೆ ನಾವು ಒಳಗೆ ಬಹಳ ವಾದ ಮಾಡ್ಬೇಕಾಯ್ತು, ಆದ್ರೆ ಅದು ಸಿಕ್ಕಿದ್ಮೇಲೆ ಆ ಕಡೆಯಿಂದ ಬರ್ತಿದ್ದ ಕಂಪ್ಲೇಂಟ್ ನಿಂತೇಹೋಯ್ತು.

ಈಗ ಕಷ್ಟದ ಭಾಗ. ಮುಂಚೆ ಹೇಳಿ ಹೇಳಿ ಅಂತಾರೆ, ಆದ್ರೆ ನಮಗೇ ಖಚಿತ ಇಲ್ದೇ ಇರೋವಾಗ ಏನು ಹೇಳೋದು? ಸಿಡ್ನಿ ನಗರದ ಮಧ್ಯೆ ಜಾರ್ಜ್ ಸ್ಟ್ರೀಟಲ್ಲಿ 2015ರ ಅಕ್ಟೋಬರ್‌ನಲ್ಲಿ ಇನ್ನೊಂದು ಟ್ರಾಮ್ ಲೈನಿನ ಕೆಲಸ ಶುರುವಾದಾಗ ಬೀದಿನ ತುಂಡುತುಂಡು ಮಾಡಿ ಒಂದೊಂದು ತುಂಡಿಗೂ ಇಂಥ ದಿನ ಶುರು, ಇಂಥ ದಿನ ಮುಗಿಯುತ್ತೆ ಅಂತ ಅಂಗಡಿಯವರಿಗೆ ಹೇಳಿದ್ರು. ಅಗೆದಾಗ ನೆಲದಡಿ ಯಾವ ನಕ್ಷೆಲೂ ಇಲ್ದೇ ಇರೋ ಹಳೇ ಪೈಪು, ಕೇಬಲ್ಲು ಸಿಗ್ತಾ ಹೋದ್ವು, ತಾರೀಖುಗಳೆಲ್ಲ ಮುಂದಕ್ಕೆ ಹೋದ್ವು, ಮೊದಲ ಟ್ರಾಮ್ ಓಡಿದ್ದು 2019ರ ಡಿಸೆಂಬರ್ 14ಕ್ಕೆ. ಅಷ್ಟರಲ್ಲಿ ಎಷ್ಟೋ ವ್ಯಾಪಾರಿಗಳು ನೆಲಕಚ್ಚಿದ್ರು, 2018ರಲ್ಲಿ ಒಟ್ಟಾಗಿ ಕೋರ್ಟಿಗೆ ಹೋದ್ರು. ತಡ ಆಗಿದ್ದಷ್ಟೇ ಅಲ್ಲ ಅವರಿಗೆ ಪೆಟ್ಟು ಕೊಟ್ಟಿದ್ದು, ಹೇಳಿದ ತಾರೀಖನ್ನ ನಂಬಿ ಸಾಲ ತಗೊಂಡಿರ್ತಾರೆ, ಕೆಲಸದವರನ್ನ ಇಟ್ಕೊಂಡಿರ್ತಾರೆ, ಬಾಡಿಗೆ ಅಗ್ರಿಮೆಂಟ್ ಮುಂದುವರಿಸಿರ್ತಾರೆ.

ಅದಕ್ಕೇ ನಾವು ತಾರೀಖು ಕೊಡೋ ರೀತಿನೇ ಬದಲಾಯಿಸಿದ್ವಿ. ಮೂರು ಬಣ್ಣದ ಕ್ಯಾಲೆಂಡರು. ಹಸಿರು ಅಂದ್ರೆ ಖಚಿತ, ಹಳದಿ ಅಂದ್ರೆ ಆಗೋ ಸಾಧ್ಯತೆ ಜಾಸ್ತಿ ಆದ್ರೆ ಆಚೀಚೆ ಆಗ್ಬಹುದು, ಬೂದು ಅಂದ್ರೆ ಇನ್ನೂ ನೆಲ ಅಗೆದು ನೋಡಿಲ್ಲ. ಎಂಜಿನಿಯರ್‌ಗಳಿಗೆ ಮೊದಲು ಇಷ್ಟ ಆಗ್ಲಿಲ್ಲ, ಬೂದು ಬಣ್ಣ ತೋರಿಸಿದ್ರೆ ನಮಗೇನೂ ಗೊತ್ತಿಲ್ಲ ಅಂದ್ಕೋತಾರೆ ಅಂತ ಅವರ ಭಯ. ಆದ್ರೆ ಅಂಗಡಿಯವರು ಇದನ್ನ ತಕ್ಷಣ ಅರ್ಥ ಮಾಡ್ಕೊಂಡ್ರು, ವ್ಯಾಪಾರ ಮಾಡೋರಿಗೆ ಅನಿಶ್ಚಿತ ಅಂದ್ರೆ ಏನು ಅಂತ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಹಳದಿ ಹಸಿರಾದ್ರೆ ಒಂದು ಮೆಸೇಜು, ಹಳದಿ ಬೂದಾದ್ರೆ ಅವತ್ತೇ ನಾವೇ ಹೋಗಿ ಮುಖಾಮುಖಿ ಹೇಳೋದು, ಕೆಟ್ಟ ಸುದ್ದಿನ ಇಮೇಲಲ್ಲಿ ಕಳಿಸಬಾರದು ಅಂತ ಟೀಮಲ್ಲಿ ಗಟ್ಟಿಯಾಗಿ ಇಟ್ಕೊಂಡಿದ್ವಿ.

ಇದು ನಡೆಯೋಕೆ ನಮ್ಮವರೊಬ್ಬರು ಪ್ರತಿವಾರದ ಪ್ರೋಗ್ರಾಂ ಮೀಟಿಂಗಲ್ಲಿ, ಅಂದ್ರೆ ಯಾವ ಕೆಲಸ ಯಾವಾಗ ಅಂತ ತೀರ್ಮಾನ ಮಾಡೋ ಮೀಟಿಂಗಲ್ಲಿ, ಕೂತಿರ್ಲೇಬೇಕು. ಎಷ್ಟೋ ಪ್ರಾಜೆಕ್ಟಲ್ಲಿ ಜನಸಂಪರ್ಕದವರಿಗೆ ಎಲ್ಲಾ ತೀರ್ಮಾನ ಆದ್ಮೇಲೆ ನೋಟಿಸ್ ಬರೆಯೋಕೆ ಮಾತ್ರ ಹೇಳ್ತಾರೆ, ಅಲ್ಲಿಗೆ ಜನರ ಮಾತು ಕೇಳೋ ಕನ್ಸಲ್ಟೇಷನ್ ಸತ್ತಂಗೆ. ಮೀಟಿಂಗಲ್ಲಿದ್ರೆ ಆ ಕಾಂಕ್ರೀಟ್ ಕತ್ತರಿಸೋದನ್ನ ಮುಂದಿನ ವಾರಕ್ಕೆ ಹಾಕಿದ್ರೆ ಏನಾದ್ರೂ ನಷ್ಟ ಇದೆಯಾ ಅಂತ ಕೇಳ್ಬಹುದು, ಎಷ್ಟೋ ಸಲ ಇಲ್ಲ ಅನ್ನೋ ಉತ್ತರ ಬರುತ್ತೆ, ಯಾರೂ ಕೇಳಿರಲ್ಲ ಅಷ್ಟೆ.

ಕಾರ್ಲಿಂಗ್‌ಫರ್ಡ್ ಕಡೆ ಬೇರೆ ನೋವಿತ್ತು. ಅಲ್ಲಿದ್ದ ಹಳೇ ರೈಲು ಲೈನನ್ನೇ ಟ್ರಾಮಿಗೆ ಬದಲಾಯಿಸಿದ್ದು, 2020ರ ಜನವರಿಲಿ ರೈಲು ನಿಂತಿದ್ದು, ಟ್ರಾಮ್ ಬಂದಿದ್ದು ಹತ್ತತ್ರ ಐದು ವರ್ಷ ಆದ್ಮೇಲೆ. ಅಷ್ಟು ದಿನ ಬದಲಿ ಬಸ್ಸೇ ಗತಿ. ವಯಸ್ಸಾದವರಿಗೆ ಯಾವ ಕ್ಯಾಲೆಂಡರ್ ತೋರಿಸಿದ್ರೂ ಅದು ಸಮಾಧಾನ ಅಲ್ಲ, ಬಸ್ ಸ್ಟಾಪಲ್ಲಿ ಕೂರೋಕೆ ಬೆಂಚು, ನೆರಳು, ದಾಟೋಕೆ ಸರಿಯಾದ ಜಾಗ ಇದೆಯಾ ಅನ್ನೋದೇ ಮಾತು.

ನಾನು ಬೆಂಗಳೂರಲ್ಲಿ ಸಿವಿಲ್ ಓದ್ತಿದ್ದಾಗ ಇಂದಿರಾನಗರದ ಸಿಎಂಎಚ್ ರೋಡ್ ವ್ಯಾಪಾರಿಗಳು ಮೆಟ್ರೋ ವಿರುದ್ಧ ಹೋರಾಡಿದ್ದನ್ನ ನೋಡಿದ್ದೆ. 2011ರ ಅಕ್ಟೋಬರ್ 20ಕ್ಕೆ ಬೈಯಪ್ಪನಹಳ್ಳಿಯಿಂದ ಎಂಜಿ ರೋಡಿಗೆ ರೈಲು ಓಡ್ತು, ಎಲ್ರೂ ಖುಷಿಪಟ್ರು, ನಾನೂ ಪಟ್ಟೆ. ಈಗ ಊರಲ್ಲಿ ಇನ್ನೂ ಎಷ್ಟೋ ರಸ್ತೆ ಅಗೀತಿದ್ದಾರೆ. ಅಲ್ಲಿ ಸೈಟ್ ಕಡೆ ಕೆಲಸ ಮಾಡೋರು, ಇಲ್ಲಾ ಮೆಟ್ರೋ ಬೇಲಿ ಹಿಂದೆ ಅಂಗಡಿ ನಡೆಸಿದೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಬರೀರಿ, ಬಾಗಿಲ ಮುಂದೆ ಕೆಲಸ ಶುರುವಾಗೋ ವಿಷಯ ನಿಮಗೆ ಎಷ್ಟು ದಿನ ಮುಂಚೆ ಗೊತ್ತಾಯ್ತು, ಎಷ್ಟು ಮುಂಚೆ ಗೊತ್ತಾಗಿದ್ರೆ ಅನುಕೂಲ ಆಗ್ತಿತ್ತು, ಯಾರು ಬಂದು ಹೇಳಿದ್ರು.